ಸುಹಾಸನ ಮಾತಾಡುವ ಪುಸ್ತಕ

ಎಲ್ಲಕ್ಕೂ ಕಾರಣ ಅಪ್ಪ ಬೆಳಗ್ಗೆ ಚಾ ಕುಡಿಯುತ್ತಾ ಬಿಟ್ಟ ಒಂದು ನಿಟ್ಟುಸಿರು.

"ಭಾನುವಾರ ಸಂಘದ ನಾಟಕ. ಗೌಡನ ಪಾತ್ರದವ ಪುಣೆಗೆ ಟ್ರಾನ್ಸ್‌ಫರ್ ಆಗಿ ಹೋದ. ಬೇರೆಯವರು ಮಕ್ಕಳನ್ನಾದ್ರೂ ಕಳಿಸ್ತಾರೆ. ನನ್ನ ಮಗನಿಗೆ ಕನ್ನಡ ಬಂದ್ರೆ ಅಲ್ವಾ? ಈ ಅರವತ್ತು ವರ್ಷಕ್ಕೆ ಅದೊಂದೇ ನಂಗೆ ಬೇಜಾರು."

ಸಾಂತಾಕ್ರೂಜ್‌ನಲ್ಲಿ ಹೋಟೆಲಿಟ್ಟ ಮೋನಪ್ಪ ಮನೆಯಲ್ಲಿ ತುಳು, ಕನ್ನಡ ಎರಡನ್ನೂ, ಕನ್ನಡ ಸಂಘದಲ್ಲಿ ಬರೀ ಕನ್ನಡವನ್ನೂ ಮಾತಾಡುವವರು. ಮಗ ಸುಹಾಸನ ಕಿವಿಗೆ ಎರಡೂ ಅಷ್ಟಿಷ್ಟು ಅರ್ಥವಾಗುತ್ತಿದ್ದವು. ನಾಲಿಗೆಗೆ ಮಾತ್ರ ಹಿಂದಿಯೇ ಬರುತ್ತಿತ್ತು.

ಸುಹಾಸನಿಗೆ ಆ ಮಾತು ನಾಟಿತು. ಅವತ್ತೇ ಅಪ್ಪನ ಅರವತ್ತನೆಯ ಹುಟ್ಟುಹಬ್ಬ. ಉಡುಗೊರೆಗೆಂದು ಅವನು ಗೋರೆಗಾಂವ್‌ನ ಅಂಗಡಿಯೊಂದರಲ್ಲಿ ಫೋಟೋ ಪುಸ್ತಕ ಮಾಡಿಸಿ ಇಟ್ಟಿದ್ದ. ಪುಟಕ್ಕೊಂದು ಬಟನ್, ಒತ್ತಿದರೆ ಪುಸ್ತಕ ಮಾತಾಡುತ್ತದೆ. ಇಂಗ್ಲಿಷಿನಲ್ಲಿ ಏನಾದರೂ ತುಂಬಿಸಿದರಾಯಿತು ಎಂದುಕೊಂಡಿದ್ದವನು ಈಗ ಹಟ ಹಿಡಿದ. ಸಂಜೆಯೊಳಗೆ ಪುಸ್ತಕ ಕನ್ನಡದಲ್ಲೇ ಮಾತಾಡಬೇಕು, ಅದೂ ತನ್ನ ದನಿಯಲ್ಲೇ. ಫೋನಿನಲ್ಲಿ ಅದಕ್ಕೊಂದು ಆ್ಯಪ್ ಇತ್ತು. ನಮ್ಮ ದನಿಯ ಮಾದರಿ ಕೊಟ್ಟರೆ ಸಾಕು, ಬರೆದದ್ದನ್ನೆಲ್ಲ ನಮ್ಮ ದನಿಯಲ್ಲೇ ಓದುತ್ತದೆ. ಷರತ್ತು ಒಂದೇ, ಮಾದರಿಯಲ್ಲಿ ಬೇರೆ ಸದ್ದಿರಬಾರದು.

ಮುಂಬೈಯಲ್ಲಿ ಸದ್ದಿಲ್ಲದ ಜಾಗ ಹುಡುಕುವುದು ಹುಡುಗಾಟವೇ? ಕೋಣೆಯಲ್ಲಿ ಕುಳಿತರೆ ಅಮ್ಮನ ಕುಕ್ಕರ್ ಕೂಗಿತು. ಟೆರೇಸಿಗೆ ಹೋದರೆ ತಲೆಯ ಮೇಲೆಯೇ ವಿಮಾನ. ಲಿಫ್ಟಿನಲ್ಲಿ ಅರ್ಧ ಮಾತಾಡುವಷ್ಟರಲ್ಲಿ ಮೂರನೇ ಮಾಳಿಗೆಯ ಸೇವಂತಿ ಬಸಳೆಯ ಕಟ್ಟಿನೊಂದಿಗೆ ಹತ್ತಿದರು. ಕೊನೆಗೆ ಅವನು ಕೆಳಗೆ ನಿಲ್ಲಿಸಿದ್ದ ಕಾರಿನೊಳಗೆ ಕುಳಿತು, ಗಾಜು ಏರಿಸಿ, ಎ.ಸಿ. ಇಲ್ಲದೆ, ಆ್ಯಪ್ ತೋರಿಸಿದ ಸಾಲುಗಳನ್ನು ಓದತೊಡಗಿದ. ಹಬೆಯಲ್ಲಿಟ್ಟ ಕಡುಬಿನಂತೆ ಬೇಯುತ್ತಿದ್ದರೂ ಬಿಡಲಿಲ್ಲ.

ಮಾದರಿ ಮುಗಿಯುವಾಗಲೇ ಗಾಜಿನ ಮೇಲೆ ಟಕಟಕ ಸದ್ದಾಯಿತು. ಮತ್ತೆ ಸೇವಂತಿ.

"ಲಿಫ್ಟಿನಲ್ಲೂ ಒಬ್ಬನೇ ಮಾತು, ಇಲ್ಲೂ ಒಬ್ಬನೇ ಮಾತು. ಹುಡುಗಿ ಯಾರು, ಹೇಳು. ನಾನು ಯಾರಿಗೂ ಹೇಳುದಿಲ್ಲ."

"ಆಂಟಿ, ಐಸಾ ಕುಛ್ ನಹೀ ಹೈ."

ಮಧ್ಯಾಹ್ನದೊಳಗೆ ಹುಡುಗಿ ಗುಜರಾತಿನವಳೆಂದು ಇಡೀ ಬಿಲ್ಡಿಂಗಿಗೆ ಗೊತ್ತಾಗಿತ್ತು. ಅಮ್ಮ ಊಟಕ್ಕೆ ಬಡಿಸುವಾಗ ಕಣ್ಣೊರೆಸಿಕೊಂಡರು. ಸುಹಾಸ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ. ನಿಜ ಹೇಳಿದರೆ ಉಡುಗೊರೆಯ ಗುಟ್ಟು ರಟ್ಟಾಗುತ್ತದಲ್ಲ!

ಇನ್ನು ಕನ್ನಡ ಬರೆಸಬೇಕು. ಸೇವಂತಿಯನ್ನು ಕೇಳುವಂತಿಲ್ಲ. ಉಳಿದವನು ಬಿಜಾಪುರದ ಕಡೆಯ ವಾಚ್‌ಮನ್ ಅಣವೀರಪ್ಪ. ಸುಹಾಸ ಹಿಂದಿಯಲ್ಲಿ ಹೇಳುತ್ತಾ ಹೋದ, ಅಣವೀರಪ್ಪ ಫೋನಿಗೆ ಕನ್ನಡದಲ್ಲಿ ಹೇಳಿದ, ಫೋನು ತಾನೇ ಬರೆದುಕೊಂಡಿತು. ಕೊನೆಯ ಪುಟದಲ್ಲಿ ಮಾತ್ರ ಜಗಳವಾಯಿತು.

"ಇಧರ್ ಬಸ್, ಐ ಲವ್ ಯೂ ಪಪ್ಪಾ, ಬೋಲೋ," ಎಂದ ಸುಹಾಸ.

"ಹಡದ ಅಪ್ಪಗ ಹಂಗ ಅನ್ನಂಗಿಲ್ರಿ. ನೀವು ಸುಮ್ನ ಕುಂದರ್ರಿ, ನಾ ಚಂದಂಗ ಹೇಳ್ತೀನಿ," ಎಂದು ಅಣವೀರಪ್ಪ ಫೋನು ಕಸಿದುಕೊಂಡ. ಸುಹಾಸನಿಗೆ ಕನ್ನಡವೆಂದರೆ ಒಂದೇ ಕನ್ನಡ. ಸಂತೋಷದಿಂದ ಒಪ್ಪಿಕೊಂಡು, ಆ್ಯಪ್ ತನ್ನ ದನಿಯಲ್ಲಿ ಓದಿದ್ದನ್ನೆಲ್ಲ ಪುಸ್ತಕಕ್ಕೆ ತುಂಬಿಸಿದ.

ಸಂಜೆ ಮನೆ ತುಂಬ ಜನ. ಗುಜರಾತಿ ಹುಡುಗಿ ಬರಬಹುದೆಂದು ಸೇವಂತಿ ಬಾಗಿಲ ಬಳಿಯೇ ಕುಳಿತಿದ್ದರು. ಮೋನಪ್ಪ ಪುಸ್ತಕ ಬಿಡಿಸಿ ಮೊದಲ ಬಟನ್ ಒತ್ತಿದರು. ಸುಹಾಸನ ದನಿ ಗುಡುಗಿತು:

"ಅಪ್ಪಾರ, ನಿಮ್ಮ ಕೈಯಾನ ಉಪ್ಪಿಟ್ಟು ತಿಂದು ಬೆಳದಾಂವ ನಾ. ನಿಮ್ಮಂಥಾ ಅಪ್ಪ ಹುಡುಕಿದ್ರೂ ಸಿಗಂಗಿಲ್ಲ ನೋಡ್ರಿ!"

ಮೋನಪ್ಪ ಇನ್ನೊಂದು ಬಟನ್ ಒತ್ತಿದರು, ಮತ್ತೊಂದು ಒತ್ತಿದರು. ಅವರ ಕಣ್ಣಲ್ಲಿ ನೀರಾಡಿತು. ತಾನು ಗೆದ್ದೆನೆಂದು ಸುಹಾಸನ ಎದೆ ಉಬ್ಬಿತು.

"ಕಾರಿನಲ್ಲಿ ಕೂತು ಪ್ರಾಕ್ಟೀಸ್ ಮಾಡಿದ್ದು ಇದನ್ನಾ ಮಾರಾಯ? ನಮ್ಮ ನಾಟಕದ ಗೌಡ ಬಿಜಾಪುರದವನು. ನಮ್ಮ ಕರಾವಳಿಯವರು ಆ ಮಾತು ಆಡಿದ್ರೆ ಭಟ್ರು ಮಂತ್ರ ಹೇಳಿದ ಹಾಗೆ ಕೇಳ್ತದೆ. ನೀನು ಹುಟ್ಟಿದ್ದೇ ಅಲ್ಲಿ ಅನ್ನೋ ಹಾಗಿದೆ," ಎಂದು ಮೋನಪ್ಪ ಅಲ್ಲೇ ಸಂಘದ ಅಧ್ಯಕ್ಷರಿಗೆ ಫೋನ್ ಹಚ್ಚಿದರು. "ಗೌಡ ಸಿಕ್ಕಿದ. ನನ್ನ ಮಗನೇ. ಹೌದು, ಮೂರು ಗಂಟೆ ಉದ್ದದ ಪಾತ್ರ ಅಂತ ಅವನಿಗೆ ಹೇಳ್ತೇನೆ."

ಸುಹಾಸನ ಬೆವರು ಮತ್ತೆ ಕಾರಿನೊಳಗಿನಂತೆ ಇಳಿಯಿತು. ಮೂಲೆಯಲ್ಲಿ ಕೇಸರಿಬಾತ್ ತಿನ್ನುತ್ತಿದ್ದ ಅಣವೀರಪ್ಪನತ್ತ ಅವನು ಕೈ ತೋರಿಸಿದ.

"ಭಾನುವಾರ ನಂದು ಡ್ಯೂಟಿ ಐತ್ರಿ," ಎಂದ ಅಣವೀರಪ್ಪ, ತಟ್ಟೆಯಿಂದ ಕಣ್ಣೆತ್ತದೆ.

"ಪಪ್ಪಾ, ಸುನಿಯೇ ನಾ, ಮೈ..." ಎಂದು ಸುಹಾಸ ಬಾಯಿ ತೆರೆದ.

ಮೋನಪ್ಪ ಆಗಲೇ ಕೊನೆಯ ಪುಟಕ್ಕೆ ಬಂದು ಬಟನ್ ಒತ್ತಿಯಾಗಿತ್ತು. ಪುಸ್ತಕ ಸುಹಾಸನದೇ ದನಿಯಲ್ಲಿ, ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳಿತು:

"ಅಪ್ಪಾರ, ನೀವು ಏನ್ ಹೇಳಿದ್ರೂ ನಾ ಒಲ್ಲೆ ಅನ್ನಂಗಿಲ್ರಿ. ಜೀವ ಹ್ವಾದ್ರೂ ನಿಮ್ಮ ಮಾತು ಮೀರಂಗಿಲ್ರಿ."