ಮಗಳ ಬುದ್ಧಿಯನ್ನು ಅಳೆದ ದಿನ

ಸೇರು, ಪಾವು ಹೋಗಿ ಕಿಲೋ ಬಂದಾಗಲೇ ಅಳತೆಯ ಮೇಲಿದ್ದ ನನ್ನ ನಂಬಿಕೆ ಅರ್ಧ ಹೋಗಿತ್ತು. ಉಳಿದರ್ಧ ಹೋದದ್ದು, ನಮ್ಮ ವಿಮಲಳನ್ನು ನೋಡಲು ಅರಸೀಕೆರೆಯಿಂದ ಗಂಡಿನ ಕಡೆಯವರು ಬಂದ ದಿನ. ನಾನು ಬೇಲೂರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಮಕ್ಕಳಿಗೆ ಮಾರ್ಕು ಹಾಕಿ ಹಾಕಿಯೇ ತಲೆ ನರೆತಿದೆ. ಆದರೂ ಒಂದು ಮಾರ್ಕು ಹೆಚ್ಚು ಬಂದವನ ತಲೆಯೊಳಗೆ ನಿಜವಾಗಿ ಏನು ಹೆಚ್ಚಿದೆ ಎಂದು ಕೇಳಿದರೆ ಇವತ್ತಿಗೂ ಬೆಬ್ಬೆಬ್ಬೆ ಅನ್ನುತ್ತೇನೆ.

ನೋಡಲು ಬಂದ ಹುಡುಗನಿಗೆ ಆ ತೊಂದರೆ ಇರಲಿಲ್ಲ. ಟ್ರೈನಿಂಗ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದ್ದ. ನನ್ನ ಹೆಂಡತಿ "ಒಂದು ದೇವರನಾಮ ಹೇಳೇ" ಎಂದದ್ದೇ ತಡ, "ಹಾಡು ಗೀಡು ಬೇಡ ಅಮ್ಮ, ಬುದ್ಧಿ ನೋಡಿಬಿಡ್ತೀನಿ. ಒಬ್ರಿಗೂ ಇನ್ನೊಬ್ರಿಗೂ ಎಷ್ಟು ವ್ಯತ್ಯಾಸ ಅಂತ ಈಗ ಕರಾರುವಾಕ್ಕಾಗಿ ಅಳೀಬಹುದು" ಎಂದು ಕೈಗಡಿಯಾರ ಬಿಚ್ಚಿ ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟ. ಪರೀಕ್ಷೆ ನನಗೇ ಏನೋ ಎಂಬಂತೆ ನಾನೂ ನೆಟ್ಟಗೆ ಕೂತೆ.

ಚೀಲದಿಂದ ಒಂದು ಮನೆಯ ಚಿತ್ರ ಬಂತು. ಇಂಗ್ಲಿಷ್ ಪುಸ್ತಕದಿಂದ ಇಳಿಸಿಕೊಂಡದ್ದು. ಇದರಲ್ಲಿ ಏನಿಲ್ಲ ಎಂದು ಕೇಳಿದ. "ಹೊಸ್ತಿಲಿಲ್ಲ" ಎಂದಳು ವಿಮಲ. "ತಪ್ಪು. ಸೂರಿನ ಮೇಲೆ ಹೊಗೆಕೊಳವೆ ಇಲ್ಲ." "ಅದು ನಮ್ಮೂರಲ್ಲಿ ಯಾರ ಮನೇಲಿದೆ?" "ಪ್ರಶ್ನೆ ಕೇಳೋನು ನಾನು!" ಆಮೇಲೆ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ, ಆಲೂಗೆಡ್ಡೆ, ಗುಂಪಿಗೆ ಸೇರದ್ದು ಯಾವುದು? "ಆಲೂಗೆಡ್ಡೆ. ಅದನ್ನ ತಾಂಬೂಲಕ್ಕಿಡಲ್ಲ." "ತಪ್ಪು. ವೀಳ್ಯದೆಲೆ. ಅದೊಂದೇ ಎಲೆ." ಎರಡೂ ಸರಿಯಲ್ಲವೇನಯ್ಯಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆದರೆ ಒಳ್ಳೇ ಸಂಬಂಧ, ಮತ್ತೆ ಸಿಗುವಂಥದ್ದಲ್ಲ. ಆ ಮಾತನ್ನು ಬಿಸಿ ಕಾಫಿಯ ಜೊತೆ ನುಂಗಿ ನಾಲಿಗೆ ಸುಟ್ಟುಕೊಂಡೆ.

ಕೊನೆಗೆ ಕೂಡಿ ಕಳೆದು, "ಸರಾಸರಿಗಿಂತ ಒಂಚೂರು ಕೆಳಗೇ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಸರಾಸರಿಯಪ್ಪಾ ಅದು? ಸಂಬಂಧ ಮುರಿಯಿತೆಂದು ನನ್ನವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹುಡುಗನ ತಾಯಿ ಮಾತ್ರ ನಕ್ಕುಬಿಟ್ಟರು. "ಅಯ್ಯೋ, ನಮಗೆ ಅಷ್ಟೇ ಬೇಕಾದ್ದು ಕಣ್ರೀ. ಹಳೇಬೀಡಲ್ಲಿ ನೋಡಿದ ಹುಡುಗಿಗೆ ಇವನಿಗಿಂತ ಜಾಸ್ತಿ ಬಂತು. ಬೇಡ ಅಂದ್ಬಿಟ್ವಿ."

ಅವರು ಬಸ್ಸು ಹತ್ತಿದ ಮೇಲೆ ವಿಮಲ ತಟ್ಟೆಗಳನ್ನೆತ್ತುತ್ತಾ ಕೇಳಿದಳು: "ಅಪ್ಪಾ, ನೀವು ಹೇಳಿ. ನಾನು ದಡ್ಡೀನಾ?"

ಅಲ್ಲ ಎಂದಿದ್ದರೆ "ಹಾಗಾದ್ರೆ ಇವನು ಬೇಡ" ಅನ್ನುವವಳೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. "ಸಂಸಾರಕ್ಕೆ ಅಷ್ಟು ಬುದ್ಧಿ ಸಾಕು ಕಣಮ್ಮ" ಎಂದೆ.

ವಿಮಲ ಆ ಹುಡುಗನನ್ನೇ ಒಪ್ಪಿಕೊಂಡಳು. ಮದುವೆಯೂ ಆಯಿತು. ಈಗ ತವರಿಗೆ ಬಂದಾಗ ನನ್ನ ಮಂಡಿನೋವು ಹೇಗಿದೆ ಎಂದು ವಿಚಾರಿಸುತ್ತಾಳೆ. ಬೇರೇನನ್ನೂ ನನ್ನನ್ನು ಕೇಳುವುದಿಲ್ಲ.