ಸೀರೆ ಕವರಿನ ಮೇಲೊಂದು ದಾವೆ

ಮನೆಯ ವಸ್ತು ಹಾಳಾದರೆ ಒಳ್ಳೆಯ ಗೃಹಸ್ಥನಿಗೆ ದುಃಖವಾಗಬೇಕು. ನನಗೆ ಮಾತ್ರ ಹುರುಪು ಬರುತ್ತದೆ. ಯಾರ ಮೇಲಾದರೂ ದೂರು ಬರೆಯಬಹುದಲ್ಲ! ದೊಡ್ಡಬಳ್ಳಾಪುರದ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿ ಇಷ್ಟು ವರ್ಷ ಬೇರೆಯವರ ಅರ್ಜಿಗಳಿಗೆ ಮೊಹರು ಒತ್ತುತ್ತ ಕೂತವನು ನಾನು. ವಿಷಯ, ಉಲ್ಲೇಖ, ಲಗತ್ತು ಎಲ್ಲ ಇರುವ ನನ್ನದೇ ಒಂದು ಅರ್ಜಿ ಬರೆಯಬೇಕೆಂಬ ಆಸೆ ಒಳಗೊಳಗೇ ಕುದಿಯುತ್ತಿತ್ತು. ಒಮ್ಮೆ ಮಿಕ್ಸಿ ಕೆಟ್ಟಾಗ ಹಾಳೆ ತೆಗೆದು ಕೂತೆ. ಅಷ್ಟರಲ್ಲಿ ನನ್ನ ಹೆಂಡತಿ ಪದ್ಮಾ ಅದರ ತಲೆಗೆರಡು ಮೊಟಕಿ ಸರಿ ಮಾಡಿಬಿಟ್ಟಳು. ಅವತ್ತಿನ ನಿರಾಸೆ ಹೇಳತೀರದು.

ಹಾಗಾಗಿ ಕಳೆದ ತಿಂಗಳು ಪದ್ಮಾ ಬೀರುವಿನ ಮುಂದೆ ನಿಂತು, "ರೀ, ಬನ್ರೀ ಇಲ್ಲಿ! ನಿಮ್ ಕವರು ಏನ್ ಮಾಡೈತೆ ನೋಡ್ರೀ!" ಎಂದು ಕೂಗಿದಾಗ, ಕೆನ್ನೆಯ ಮೇಲಿನ ಸೋಪಿನ ನೊರೆಯ ಸಮೇತ ಓಡಿದೆ. ನನ್ನ ಕವರು ಎಂದರೆ ಬಸ್ ನಿಲ್ದಾಣದ ಹತ್ತಿರ ನಾಗರಾಜು ಎಂಬವನ ಅಂಗಡಿಯಲ್ಲಿ, ಕೇಳಿದರೆ ನಗಬೇಕು ಅಷ್ಟು ಅಗ್ಗಕ್ಕೆ ನಾನು ತಂದಿದ್ದ ಒಂದು ಡಜನ್ ಮರೂನ್ ಬಣ್ಣದ ಸೀರೆ ಕವರುಗಳು. ಬೀರುವಿನ ಹಿಂದೆ ಬಚ್ಚಲ ಗೋಡೆ. ಮಳೆಗಾಲದ ಥಂಡಿಗೆ ಕವರು ಒದ್ದೆಯಾಗಿ, ಒಳಗಿದ್ದ ಕೆನೆ ಬಣ್ಣದ ಸೀರೆಯ ಸೆರಗಿನ ತುಂಬ ಮರೂನ್ ಬಣ್ಣ ಹರಡಿತ್ತು. ಪದ್ಮಾಳ ಕಣ್ಣಲ್ಲಿ ನೀರು. "ತಮ್ಮನ ಮನೆ ಗೃಹಪ್ರವೇಶಕ್ಕೆ ಇದನ್ನೇ ಉಡೋಣ ಅಂತಿದ್ದೆ. ನೀವು ಕೊಡ್ಸಿದ್ ಮೊದಲ್ನೇ ಸೀರೆ," ಎಂದಳು.

ಇಲ್ಲಿ ಓದುಗರಿಗೊಂದು ಗುಟ್ಟು ಹೇಳಿಬಿಡುತ್ತೇನೆ. ಆ ಸೀರೆ ರೇಷ್ಮೆಯದಲ್ಲ. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ, ಇನ್ನೂ ಹಂಗಾಮಿ ನೌಕರಿಯಲ್ಲಿದ್ದ ನಾನು, ರೇಷ್ಮೆಯ ಹಾಗೆಯೇ ಹೊಳೆಯುವ ಆರ್ಟ್ ಸಿಲ್ಕ್ ಸೀರೆ ತಂದು "ಪ್ಯೂರು" ಎಂದು ಕೈಗಿತ್ತಿದ್ದೆ. ಆವತಿಯ ಕಡೆ ರಾಗಿ ಬೆಳೆಯುವವರ ಮನೆಯಲ್ಲಿ ಹುಟ್ಟಿದ ನಾನು, ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡ ನೇಕಾರರ ಮಗಳಿಗೆ ಸೀರೆಯ ವಿಷಯದಲ್ಲಿ ಸುಳ್ಳು ಹೇಳಿದ್ದೆ! ನನ್ನ ಧೈರ್ಯ ನೆನೆದರೆ ನನಗೇ ಮೈ ಬೆವರುತ್ತದೆ. ಅವಳು ಖುಷಿಯಿಂದ ಉಟ್ಟಳು, ನಾನು ಗೆದ್ದೆ ಅಂದುಕೊಂಡೆ. ಆದರೂ ಅವಳು ಅದನ್ನು ಉಟ್ಟಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಈಗ ನೋಡಿ ದೇವರೇ ದಾರಿ ತೋರಿಸಿದ್ದ. ನಾಗರಾಜು ಶುದ್ಧ ರೇಷ್ಮೆ ಸೀರೆಯ ಪರಿಹಾರ ಕೊಟ್ಟರೆ ನನ್ನ ಹಳೆಯ ಸುಳ್ಳು ತಾನಾಗಿಯೇ ನಿಜವಾಗಿಬಿಡುತ್ತದೆ! ಖುಷಿಗೆ ಕುಣಿಯುವುದೊಂದು ಬಾಕಿ.

ಆವತ್ತು ಕಚೇರಿಗೆ ರಜೆ ಹಾಕಿ ಅರ್ಜಿ ಬರೆದೆ. "ವಿಷಯ: ತಮ್ಮ ಅಂಗಡಿಯ ಕವರಿನಿಂದ ನನ್ನ ಧರ್ಮಪತ್ನಿಯವರ ಶುದ್ಧ ರೇಷ್ಮೆ ಸೀರೆಗೆ ಉಂಟಾದ ಹಾನಿಗೆ ಪರಿಹಾರ ಕೋರಿ." 'ಶುದ್ಧ ರೇಷ್ಮೆ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಲಗತ್ತು ಎಂದು ಕವರು, ಅದರ ಪ್ಯಾಕೆಟ್ಟು. ಒಬ್ಬನೇ ಹೋಗಿಬರುವ ಲೆಕ್ಕಾಚಾರ ನನ್ನದು, ಆದರೆ ಪದ್ಮಾ "ಸೀರೆ ನಂದಲ್ವಾ, ನಾನೂ ಬರ್ತೀನಿ" ಎಂದು ಸೀರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿಯೇಬಿಟ್ಟಳು.

ನಾಗರಾಜು ಅರ್ಜಿಯನ್ನು ಮದುವೆ ಕರೆಯೋಲೆಯಂತೆ ಸಂತೋಷವಾಗಿ ಓದಿದ. "ಬಣ್ಣ ಬಿಡುವುದಿಲ್ಲ ಅಂತ ಪ್ಯಾಕೆಟ್ ಮೇಲೆ ನೀವೇ ಹಾಕಿದ್ದೀರಲ್ರೀ?" ಎಂದು ನಾನು ಮೇಜು ಕುಟ್ಟಿದೆ.

"ಹೌದು ಸಾರ್. ಎಲ್ಲಿ ಬಿಟ್ಟೈತೆ? ಸೀರೇನ ಹೆಂಗ್ ಗಟ್ಟಿಯಾಗಿ ಹಿಡ್ಕೊಂಡೈತೆ ನೋಡಿ!"

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆಂದು ಗುಡುಗಿದೆ. ಅವನು ಕೈ ಮುಗಿದ. "ಅಷ್ಟು ದೂರ ಯಾಕೆ ಸಾರ್? ನಮ್ ಭಾವ ಮಗ್ಗ ಹಾಕವ್ರೆ. ಪ್ಯೂರ್ ಆದ್ರೆ ಪ್ಯೂರೇ ಕೊಡಿಸ್ತೀನಿ. ಒಂದೆಳೆ ಸುಟ್ ನೋಡಾಣ, ಮುಗೀತು."

ಎಳೆ ಸುಡುವುದು ನಮ್ಮ ನೇಕಾರರ ಊರಿನ ಸುಪ್ರೀಂ ಕೋರ್ಟು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಅಲ್ಲದಿದ್ದರೆ ಕರಗಿ ಕಪ್ಪು ಗುಂಡಾಗುತ್ತದೆ. ಇಲ್ಲಿ ಬಾಡಿಗೆಗೆ ಬಂದವರಿಗೂ ಅದು ಗೊತ್ತು, ನಾನೊಬ್ಬ ಮರೆತಿದ್ದೆ. "ಸಾಕ್ಷ್ಯವನ್ನು ಸುಡಬಾರದು! ಅದು ಕಾನೂನಿಗೆ ವಿರುದ್ಧ!" ಎಂದು ಕಿರುಚಿದೆ. ಪದ್ಮಾ ಅಷ್ಟರಲ್ಲಿ ಅಂಚಿನಿಂದ ಒಂದು ಎಳೆ ಕಿತ್ತು ಚಾಚಿದ್ದಳು. ಕಡ್ಡಿ ಗೀರಿದ್ದಾಯಿತು. ಎಳೆ ಮುದುರಿತು, ಕರಗಿತು, ಗುಂಡಾಯಿತು. ನಾಗರಾಜು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಮರ್ಯಾದೆಯಿಂದ ಬೀದಿಯ ಕಡೆ ನೋಡತೊಡಗಿದ.

"ಅಯ್ಯೋ, ನನಗೆ ಮೋಸ ಮಾಡಿದ್ದಾರೆ ಕಣೇ! ಸೀರೆ ಮಾರಿದವನ ಮೇಲೂ ಒಂದು ಅರ್ಜಿ..." ಎಂದು ಶುರು ಮಾಡಿದೆ.

"ಸಾಕ್ ಸುಮ್ನಿರ್ರೀ," ಎಂದಳು ಪದ್ಮಾ. "ಹಬ್ಬದ ದಿನ ಮಡಿಕೆ ಬಿಚ್ಚಿದಾಗ್ಲೇ ನಂಗ್ ಗೊತ್ತಾಯ್ತು. ನಮ್ಮಪ್ಪಾನೂ ಮುಟ್ ನೋಡಿದ್ರು. ನಿಮ್ ಸಂಬಳ ಅವ್ರಿಗೆ ಗೊತ್ತಿರ್ಲಿಲ್ವಾ? 'ಚೆನ್ನಾಗೈತೆ, ಉಟ್ಕೊಳ್ಳಮ್ಮ' ಅಂದ್ರು. ಉಟ್ಕೊಂಡೆ."

"ಮತ್ತೆ ಇಲ್ಲಿಗೇಕೆ ಬಂದೆ?"

"ಇವತ್ತಾದ್ರೂ ನಿಮ್ ಬಾಯಿಂದ ನಿಜ ಬರ್ತದೇನೋ ಅಂತ."

ಭೂಮಿ ಬಾಯಿ ಬಿಡಲಿಲ್ಲ. ಆ ಅಂಗಡಿಯ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ್ದರು. ಪದ್ಮಾ ನಾಗರಾಜುವಿನ ಕಡೆ ತಿರುಗಿದಳು. "ಅಣ್ಣಾ, ಇದು ಆರ್ಟ್ ಸಿಲ್ಕೇ, ನಾನೇ ಒಪ್ತೀನಿ. ಆದ್ರೆ ಹಾಳ್ ಮಾಡಿರೋದು ನಿಮ್ ಕವರೇ ತಾನೇ? ನಂಗೆ ಪ್ಯೂರ್ ಬೇಡ. ಇಂಥದ್ದೇ ಕೊಡ್ಸಿ. ಇದೇ ಕೆನೆ ಬಣ್ಣ, ಇದೇ ಅಂಚು." ನನ್ನ ಗುಡುಗಿಗೆ ಜಗ್ಗದವನು ಆ ಮಾತಿಗೆ ಮೆತ್ತಗಾಗಿ ಭಾವನಿಗೆ ಫೋನು ಹಚ್ಚಿದ. ನನಗೆ ಆ ಅಂಗಡಿಯಲ್ಲೇ ಅಳು ಬಂತು. ನಾಚಿಕೆಗೂ ಬಂತು, ಅವಳು 'ಇಂಥದ್ದೇ' ಎಂದಿದ್ದಕ್ಕೂ ಬಂತು.

"ಸೀರೆ ಶುಕ್ರವಾರ ಸಿಗ್ತದೆ ಸಾರ್," ಎಂದ ನಾಗರಾಜು. "ಲೆಟರ್‌ನಲ್ಲಿ ಪ್ಯೂರ್ ಅಂತ ಐತಲ್ಲ, ನಾಳೆ ನಮಗೆ ತೊಂದ್ರೆ ಆಗ್ಬಾರ್ದು. ಒಂದೆರಡ್ ಲೈನ್ ಬರೆದುಕೊಡಿ." ಅರ್ಜಿಯ ಹಿಂಬದಿಯಲ್ಲಿ ಬರೆದೆ: "ಸದರಿ ಸೀರೆಯು ರೇಷ್ಮೆಯದಲ್ಲವೆಂದೂ, ಆ ವಿಷಯವು ನನಗೆ ತಿಳಿದಿತ್ತೆಂದೂ ಈ ಮೂಲಕ ಒಪ್ಪಿಕೊಳ್ಳುತ್ತೇನೆ." ಪದ್ಮಾ ಬಗ್ಗಿ ಓದಿ, "'ಮೊದಲಿನಿಂದಲೂ' ಅಂತ ಸೇರ್ಸಿ," ಎಂದಳು. ಸೇರಿಸಿ ಸಹಿ ಮಾಡಿದೆ. ಸಾಕ್ಷಿಯ ಜಾಗದಲ್ಲಿ ಅವಳು ದುಂಡಗೆ ತನ್ನ ಸಹಿ ಹಾಕಿದಳು. ನಾನು ಬರೆದದ್ದನ್ನು ಅವಳು ಒಂದೇ ಒಂದು ತಿದ್ದುಪಡಿಯೊಂದಿಗೆ ಒಪ್ಪಿದ್ದು ಅದೇ ಮೊದಲು.