ನಾನೇ ಹೊಡೆದ ಸುತ್ತೋಲೆ

ಟೈಪ್ ಹೊಡೆಯುವವರು ತಾವು ಹೊಡೆಯುವುದನ್ನು ಓದುವುದಿಲ್ಲ. ಈ ಗುಟ್ಟನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ; ನಂಬಿದರೆ ನಮ್ಮ ಮೇಲಿರುವ ಅಷ್ಟಿಷ್ಟು ಗೌರವವೂ ಹೋಗುತ್ತದೆ. ಕಣ್ಣು ಕರಡಿನ ಮೇಲಿರುತ್ತದೆ, ಬೆರಳು ಕೀಲಿಯ ಮೇಲಿರುತ್ತದೆ, ಮನಸ್ಸು ಮಾತ್ರ ಸಂಜೆಯ ಗುಂಡ್ಲುಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತಿರುತ್ತದೆ. ಒಮ್ಮೆ ಒಬ್ಬ ಗುಮಾಸ್ತರ ವರ್ಗಾವಣೆ ಆದೇಶವನ್ನು ಬೆಳಿಗ್ಗೆ ನಾನೇ ಹೊಡೆದು, ಮಧ್ಯಾಹ್ನ ಅವರ ಜೊತೆ ಟೀ ಕುಡಿಯುತ್ತಾ, "ಈ ಊರಲ್ಲೇ ಒಂದು ಸೈಟ್ ತಗೊಂಡುಬಿಡಿ ಸಾರ್" ಎಂದು ಬುದ್ಧಿ ಹೇಳಿದ್ದೇನೆ. ಸಂಜೆ ಆದೇಶ ಕೈಗೆ ಬಂದ ಮೇಲೆ ಆ ಮನುಷ್ಯ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ನಾನು ಬೇಕೆಂದೇ ಅಣಕಿಸಿದೆ ಎಂದುಕೊಂಡಿರಬೇಕು.

ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಪುಟಕ್ಕಿಷ್ಟು ಎಂದು ಟೈಪ್ ಹೊಡೆದುಕೊಡುವವನು ನಾನು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ನನಗೆ ಕೊಡುವ ನೋಟಿಸನ್ನೂ ನನ್ನ ಕೈಯಲ್ಲೇ ಹೊಡೆಸುತ್ತಾರೆ. ಹನ್ನೊಂದು ವರ್ಷ ದಿನವೂ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಬಂದು, ಅದೇ ಕುಂಟು ಕುರ್ಚಿಯಲ್ಲಿ ಕೂತು, ಅದೇ ಮಷೀನಿನಲ್ಲಿ ಹೊಡೆದಿದ್ದೇನೆ. ಕುರ್ಚಿ ಸರ್ಕಾರದ್ದು, ಮಷೀನು ಸರ್ಕಾರದ್ದು, ರಿಬ್ಬನ್ನೂ ಸರ್ಕಾರದ್ದು. ನಾನೊಬ್ಬ ಮಾತ್ರ ಸರ್ಕಾರದವನಲ್ಲ. ಚಾಮರಾಜನಗರ ಜಿಲ್ಲೆಯಾದ ಹೊಸದರಲ್ಲಿ ಅದೂ ಆಗುವ ಕಾಲ ಬಂತು. ಬಹಳ ಕಾಲದಿಂದ ಕಚೇರಿಯಲ್ಲಿ ದುಡಿಯುತ್ತಿರುವ ಕಾಯಂ ಅಲ್ಲದ ನೌಕರರ ಪಟ್ಟಿ ಮಾಡಿ ಕಳಿಸಿ, ಕಾಯಂ ಮಾಡೋಣ ಎಂದು ಮೇಲಿನಿಂದ ಪತ್ರ ಬಂತು. ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು. ಬೇರೆ ಯಾವ ಹುದ್ದೆಗೂ ಅರ್ಜಿ ಹಾಕುವ ವಯಸ್ಸು ನನಗೆ ಮೀರಿತ್ತು. ಇದು ತಪ್ಪಿದರೆ ಮತ್ತೊಂದಿಲ್ಲ ಎಂದು ನನಗೂ ಗೊತ್ತಿತ್ತು, ಹಂಗಳದಿಂದ ನನ್ನನ್ನು ನಂಬಿ ಬಂದ ಹೆಂಡತಿ ಮಾದೇವಿಗೂ ಗೊತ್ತಿತ್ತು. ಅವಳ ಆಸೆ ದೊಡ್ಡದೇನಲ್ಲ. ಗಂಡನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಾಗಬೇಕು. "ಪುಟಕ್ಕಿಷ್ಟು ಅಂತ ಹೊಡೀತಾರೆ ಅಂದ್ರೆ ಜನ ಏನೇನೋ ತಿಳ್ಕತಾರೆ ಕಣ್ರೀ" ಎನ್ನುತ್ತಿದ್ದಳು.

ಆ ತಿಂಗಳ ದುಡ್ಡು ತೆಗೆದುಕೊಳ್ಳಲು ಹೋದಾಗ ಮೊತ್ತದಲ್ಲಿ ಸ್ವಲ್ಪ ಮುರಿದಿದ್ದರು. ನಮ್ಮ ಸೂಪರಿಂಟೆಂಡೆಂಟ್ ನಂಜುಂಡಯ್ಯನವರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಇನ್‌ಕಮ್ ಟ್ಯಾಕ್ಸ್ ಕಣಯ್ಯಾ. ಹೊರಗಿನೋರಿಗೆ ದುಡ್ಡು ಕೊಡುವಾಗ ಮೊದಲೇ ಹಿಡ್ಕಬೇಕು ಅಂತ ಈಗ ಬಿಗಿ ಮಾಡವ್ರೆ" ಎಂದರು.

"ಯಾವಾಗ ಮಾಡಿದ್ರು ಸಾರ್? ನನಗೆ ಯಾರೂ ಹೇಳಲಿಲ್ಲ."

"ಸುತ್ತೋಲೆ ನೀನೇ ಅಲ್ವೇನಯ್ಯಾ ಹೊಡ್ದಿದ್ದು? ನಲವತ್ತು ಕಾಪಿ!"

ಹೊಡೆದದ್ದು ನಿಜ. ಸ್ಟೆನ್ಸಿಲ್ ಕೊರೆದು ನಲವತ್ತು ಪ್ರತಿ ತೆಗೆದುಕೊಟ್ಟಿದ್ದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಸಾಹೇಬರು ಹೊಗಳಿಯೂ ಇದ್ದರು. ಹೋಗಲಿ, ಮುರಿದದ್ದು ಎರಡು ದಿನದ ಬಸ್ ಚಾರ್ಜು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಂಜುಂಡಯ್ಯನವರು ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಮುಂದಿಟ್ಟರು. ಸುತ್ತೋಲೆಯ ಜೊತೆಗೆ ಬಂದಿದ್ದ ಮುಚ್ಚಳಿಕೆ. "ನಾನು ಸದರಿ ಕಚೇರಿಯ ನೌಕರನಾಗಿರುವುದಿಲ್ಲವೆಂದೂ, ಸ್ವತಂತ್ರ ಗುತ್ತಿಗೆದಾರನಾಗಿರುತ್ತೇನೆಂದೂ ಈ ಮೂಲಕ ಒಪ್ಪಿರುತ್ತೇನೆ." ಟೈಪ್ ಹೊಡೆದವನು ನಾನು. ಕೆಳಗೆ ರುಜುವೂ ನನ್ನದೇ. ಬಿಲ್ಲಿನ ಜೊತೆ ಇದಕ್ಕೊಂದು ರುಜು ಹಾಕು ಅಂದಿದ್ದರು, ಹಾಕಿದ್ದೆ.

"ಪಟ್ಟಿ ಇರೋದು ನೌಕರರದ್ದು. ನೌಕರನಲ್ಲ ಅಂತ ನೀನೇ ಬರ್ದುಕೊಟ್ಟಿದೀಯ. ನಾನೇನಯ್ಯಾ ಮಾಡ್ಲಿ?" ಎಂದರು ನಂಜುಂಡಯ್ಯ. ಕೆಟ್ಟವರಲ್ಲ, ಹೇಳುವಾಗ ನನ್ನ ಮುಖ ನೋಡಲಾರದೆ ಪಟ್ಟಿಯನ್ನೇ ನೋಡುತ್ತಿದ್ದರು. ಮೂರನೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಾಗಿತ್ತು. ನನಗೆ ಅಳು ಬಂತು. ಹತ್ತು ನಿಮಿಷ ತಡವಾದರೆ ಬೈಸಿಕೊಳ್ಳುವ, ರಜೆ ಬೇಕಾದರೆ ಕೈಕಟ್ಟಿ ನಿಲ್ಲುವ, ಸಾಹೇಬರು ಊಟಕ್ಕೆ ಏಳದೆ ತಾನೂ ಏಳದ ಮನುಷ್ಯ ಸ್ವತಂತ್ರನಾದದ್ದು ಯಾವಾಗ ಎಂದು ತಿಳಿಯದೆ ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ಯೋಚಿಸಿದೆ. ಆವತ್ತು ಕಿಟಕಿ ಪಕ್ಕದ ಸೀಟೂ ಸಿಗಲಿಲ್ಲ.

ಮನೆಯಲ್ಲಿ ವಿಷಯ ಹೇಳುವ ಧೈರ್ಯ ಬರಲಿಲ್ಲ. ಆದರೆ ಭೀಮನಬೀಡಿನಲ್ಲಿರುವ ಮಾದೇವಿಯ ತಮ್ಮ ಚಿಕ್ಕಣ್ಣನಿಗೆ ಸುದ್ದಿ ಅದು ಹೇಗೋ ಮುಟ್ಟಿತ್ತು. ಭಾನುವಾರ ಎರಡು ಬಾಳೆಗೊನೆ ಹೊತ್ತುಕೊಂಡು ನಗುನಗುತ್ತಾ ಬಂದ. "ಏನ್ ಬಾವ, ಕಂಟ್ರಾಕ್ಟ್ರು ಆಗ್ಬುಟ್ರಂತೆ! ನಮ್ಗೊಂದ್ ಮಾತು ಏಳ್ಬಾರ್ದಾ? ರಸ್ತೇದಾ, ಸೇತ್ವೇದಾ?"

"ಕಾಗದದ್ದು ಕಣಪ್ಪ" ಎಂದೆ.

"ಕಾಗ್ದ ಸಪ್ಲೈನಾ? ಅದ್ರಲ್ಲೂ ಒಳ್ಳೆ ಕಾಸದೆ ಬುಡಿ. ಟ್ಯಾಕ್ಸು ಬ್ಯಾರೆ ಕಟ್ತಾವ್ರಂತೆ ಅಂದ್ರು. ಟ್ಯಾಕ್ಸ್ ಕಟ್ಟೋರು ನಮ್ಮ ವಂಶದಲ್ಲೇ ಯಾರೂ ಇರ್ನಿಲ್ಲ ಕಣಕ್ಕ!"

ಮಾದೇವಿ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ತಮ್ಮ ಹೋಗುವವರೆಗೂ ನಗುತ್ತಲೇ ಇದ್ದು, ಮುದ್ದೆ ಬಡಿಸಿ, ಕಳಿಸಿ, ಆಮೇಲೆ ಬಾಗಿಲಲ್ಲೇ ಕೂತಳು. ನಾನು ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ರುಜು ಆಕೂ ಮುಂಚೆ ಒಂದ್ಸಲ ಓದ್ಬಾರ್ದಾಗಿತ್ತಾ?" ಎಂದಳು, ಅಷ್ಟೇ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬಸ್ಸಿನ ಬೋರ್ಡನ್ನೂ ಎರಡು ಸಲ ಓದಿ ಹತ್ತುವವಳು.

ಮಾರನೆಯ ದಿನ ಸಾಹೇಬರಿಗೆ ಮನವಿ ಕೊಟ್ಟೆ. ಹನ್ನೊಂದು ವರ್ಷ, ಕುಂಟು ಕುರ್ಚಿ, ರಿಬ್ಬನ್ನು, ಎಲ್ಲವನ್ನೂ ಬರೆದು, ಮುಚ್ಚಳಿಕೆಯನ್ನು ಅಜಾಗರೂಕತೆಯಿಂದ ಕೊಟ್ಟದ್ದೆಂದು ಪರಿಗಣಿಸಬೇಕಾಗಿ ಬೇಡಿಕೊಂಡೆ. ಮೂರು ವಾರ ಕಾದೆ. ನಾಲ್ಕನೆಯ ವಾರ ನಂಜುಂಡಯ್ಯನವರು ಎಂದಿನಂತೆ ಕರಡುಗಳ ಕಟ್ಟು ತಂದು ಮಷೀನಿನ ಪಕ್ಕ ಇಟ್ಟು, ಎಂದಿಗಿಂತ ಬೇಗ ಹೊರಟುಹೋದರು. ಮೇಲಿನ ಹಾಳೆಯಲ್ಲಿ ನನ್ನ ಹೆಸರಿತ್ತು.

ಜೀವಮಾನದಲ್ಲಿ ಮೊದಲ ಬಾರಿಗೆ ಓದಿಕೊಂಡು ಟೈಪ್ ಹೊಡೆದೆ. "ಸದರಿಯವರ ಮನವಿಯನ್ನು ಪರಿಶೀಲಿಸಲಾಗಿ, ಗುತ್ತಿಗೆದಾರರಾದ ಇವರು ಕಾಯಮಾತಿಗೆ ಅರ್ಹರಲ್ಲದ ಕಾರಣ..." ಒಂದೊಂದು ಪದಕ್ಕೂ ನಿಂತೆ. ಒತ್ತಕ್ಷರ ಎಲ್ಲೆಲ್ಲೋ ಬಿದ್ದವು, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿತು. ಹಾಳೆ ಒಳಗೆ ಹೋದ ಐದೇ ನಿಮಿಷಕ್ಕೆ ಸಾಹೇಬರು ಕರೆಸಿದರು.

"ಏನ್ರೀ ಇದು? ಒಂದು ಪುಟದಲ್ಲಿ ಏಳು ತಪ್ಪು! ಹೀಗಾದರೆ ನಿಮ್ಮ ಗುತ್ತಿಗೆ ಹೇಗ್ರೀ ಮುಂದುವರಿಸೋದು?"

ತಿಂಗಳಿಂದ ಯಾವ ಗುತ್ತಿಗೆಯನ್ನು ಶಪಿಸುತ್ತಿದ್ದೆನೋ ಅದೇ ಗುತ್ತಿಗೆಗಾಗಿ ಕೈ ಜೋಡಿಸಿ, "ತಪ್ಪಾಯ್ತು ಸಾರ್, ಇನ್ನೊಂದ್ಸಲ ಹೊಡ್ಕೊಡ್ತೀನಿ" ಎಂದೆ. ವಾಪಸ್ಸು ಬಂದು ಹೊಸ ಹಾಳೆ ಏರಿಸಿದೆ. ಈ ಸಲ ಓದಲಿಲ್ಲ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಸಾಹೇಬರು ನೋಡಿ, "ಭೇಷ್" ಎಂದು ರುಜು ಹಾಕಿದರು.